ಅಮೆರಿಕದಲ್ಲಿ ಕೆಲಸಕ್ಕೆ ಸೇರುವವರ ವಲಸೆ ದಾಖಲೆ: ಮಾಲೀಕರು ಯಾವಾಗ, ಏನನ್ನು ಕೇಳಬೇಕು?

ಅಮೆರಿಕದಲ್ಲಿ ಹೋಟೆಲ್, ದಿನಸಿ ಅಂಗಡಿ ಅಥವಾ ಸಣ್ಣ ಸಾಫ್ಟ್‌ವೇರ್ ಸಂಸ್ಥೆ ನಡೆಸುವ ನಮ್ಮವರಲ್ಲಿ ಹಲವರು, ಕೆಲಸ ಕೇಳಿಕೊಂಡು ಬಂದವರನ್ನು ಕೂರಿಸಿದ ಕೂಡಲೇ "ನಿಮ್ಮದು ಯಾವ ವೀಸಾ? ಗ್ರೀನ್ ಕಾರ್ಡ್ ಆಯಿತೇ?" ಎಂದು ವಿಚಾರಿಸುತ್ತಾರೆ. ಊರಿನವರು ಸಿಕ್ಕಾಗ ಕ್ಷೇಮಸಮಾಚಾರ ಕೇಳಿದಷ್ಟೇ ಸಹಜವಾಗಿ ಬರುವ ಈ ಮಾತು, ಸಂದರ್ಶನದಲ್ಲಿ ಆಡಿದಾಗ ತಾರತಮ್ಯದ ದೂರಿಗೆ ಸಾಕ್ಷ್ಯವಾಗಬಲ್ಲದು. 1986ರ ವಲಸೆ ಸುಧಾರಣೆ ಮತ್ತು ನಿಯಂತ್ರಣ ಕಾಯ್ದೆಯು ಕೆಲಸದ ಅನುಮತಿ ಇಲ್ಲದವರನ್ನು ತಿಳಿದೂ ನೇಮಿಸಿಕೊಳ್ಳುವುದನ್ನು ನಿಷೇಧಿಸಿತು. ಅದೇ ಕಾಯ್ದೆಯು ಪೌರತ್ವ ಮತ್ತು ಮೂಲ ದೇಶದ ಆಧಾರದ ಮೇಲೆ ಭೇದ ಮಾಡುವುದನ್ನೂ ನಿಷೇಧಿಸಿತು. ಮೊದಲನೆಯದರ ಭಯದಿಂದ ಅತಿಯಾಗಿ ತಪಾಸಣೆ ಮಾಡಲು ಹೋಗಿ ಎರಡನೆಯದನ್ನು ಉಲ್ಲಂಘಿಸುವವರನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಸಂದರ್ಶನದ ಹಂತದಲ್ಲಿ ಎರಡೇ ಪ್ರಶ್ನೆಗಳು ಸಾಕು: ಅಮೆರಿಕದಲ್ಲಿ ಕೆಲಸ ಮಾಡಲು ನಿಮಗೆ ಕಾನೂನುಬದ್ಧ ಅನುಮತಿ ಇದೆಯೇ, ಮತ್ತು ಈಗಾಗಲಿ ಮುಂದಾಗಲಿ ವೀಸಾ ಸ್ಪಾನ್ಸರ್‌ಶಿಪ್ ಬೇಕಾಗುತ್ತದೆಯೇ. ಇವನ್ನು ಬಾಯಿಮಾತಿನಲ್ಲಿ ಕೇಳದೆ ಅರ್ಜಿಯಲ್ಲಿಯೇ ಮುದ್ರಿಸಿಬಿಡಿ; ಬಾಯಲ್ಲಿ ಕೇಳುವವರು ಸಾಮಾನ್ಯವಾಗಿ ಉಚ್ಚಾರಣೆ ಬೇರೆ ಇರುವವರನ್ನು ಮಾತ್ರ ಕೇಳುತ್ತಾರೆ, ತಪ್ಪು ಅಲ್ಲಿಂದಲೇ ಆರಂಭವಾಗುತ್ತದೆ. ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಸ್ಪಾನ್ಸರ್ ಮಾಡಲು ಒಪ್ಪದಿರುವ ಸ್ವಾತಂತ್ರ್ಯ ಮಾಲೀಕರಿಗೆ ಇದೆ, ಆದ್ದರಿಂದ ಎರಡನೆಯ ಪ್ರಶ್ನೆಗೆ ಹಿಂಜರಿಯಬೇಕಿಲ್ಲ.

ಅಭ್ಯರ್ಥಿ ಕೆಲಸವನ್ನು ಒಪ್ಪಿಕೊಂಡ ನಂತರ ಗುರುತು ಮತ್ತು ಕೆಲಸದ ಅನುಮತಿಯನ್ನು ಖಚಿತಪಡಿಸುವ ಐ-9 ನಮೂನೆಯನ್ನು ಕೊಡಿ. ಅದರ ಮೊದಲ ಭಾಗವನ್ನು ನೌಕರರು ಕೆಲಸದ ಮೊದಲ ದಿನದೊಳಗೆ ತುಂಬಬೇಕು. ಈ ನಮೂನೆ ವಲಸೆ ಸೇವಾ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಹಣ ತೆಗೆದುಕೊಂಡು ಇದನ್ನೇ ಕಟ್ಟಿಕೊಡುವ ಖಾಸಗಿ ತಾಣಗಳ ಸಹವಾಸ ಬೇಡ.

ಎಡವಟ್ಟಾಗುವುದು ಎರಡನೆಯ ಭಾಗದಲ್ಲಿ, ಆದ್ದರಿಂದ ಇದನ್ನು ನಿಧಾನವಾಗಿ ಓದಿ. ಕೆಲಸ ಆರಂಭವಾದ ಮೂರು ಕೆಲಸದ ದಿನಗಳೊಳಗೆ ಮಾಲೀಕರು ದಾಖಲೆಗಳನ್ನು ಪರಿಶೀಲಿಸಬೇಕು. ಅಮೆರಿಕದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್, ಭಾವಚಿತ್ರವಿರುವ ಉದ್ಯೋಗ ಅನುಮತಿ ಕಾರ್ಡ್ ಇವೆಲ್ಲ "ಎ" ಪಟ್ಟಿಯಲ್ಲಿವೆ, ಯಾವುದಾದರೂ ಒಂದು ಇದ್ದರೆ ಸಾಕು. ಎಚ್-1ಬಿ ಮೇಲೆ ನಿಮ್ಮ ಸಂಸ್ಥೆಗೇ ಬಂದವರಾದರೆ ಭಾರತದ ಪಾಸ್‌ಪೋರ್ಟ್ ಮತ್ತು ಐ-94 (ಅಮೆರಿಕ ಪ್ರವೇಶದ ದಾಖಲೆ) ಸೇರಿ ಅದೇ ಪಟ್ಟಿಯ ದಾಖಲೆಯಾಗುತ್ತದೆ. ಇಲ್ಲವಾದರೆ ಗುರುತಿಗಾಗಿ "ಬಿ" ಪಟ್ಟಿಯ ಒಂದು, ಕೆಲಸದ ಅನುಮತಿಗಾಗಿ "ಸಿ" ಪಟ್ಟಿಯ ಒಂದು ಬೇಕು. ಯಾವುದನ್ನು ತೋರಿಸಬೇಕೆಂಬ ಆಯ್ಕೆ ಸಂಪೂರ್ಣವಾಗಿ ನೌಕರರದು. ಮೊದಲ ಭಾಗದಲ್ಲಿ "ಕಾಯಂ ನಿವಾಸಿ" ಎಂದು ಗುರುತು ಹಾಕಿದ ಮಹಿಳೆಯೊಬ್ಬರು ಚಾಲನಾ ಪರವಾನಗಿ ಮತ್ತು ನಿರ್ಬಂಧವಿಲ್ಲದ ಸೋಷಿಯಲ್ ಸೆಕ್ಯುರಿಟಿ ಕಾರ್ಡ್ ತಂದರೆ ಅಲ್ಲಿಗೆ ಕೆಲಸ ಮುಗಿಯಿತು. "ಗ್ರೀನ್ ಕಾರ್ಡನ್ನೂ ಒಮ್ಮೆ ತೋರಿಸಿ" ಎನ್ನುವುದೇ ಕಾನೂನುಬಾಹಿರ ಒತ್ತಾಯವೆನಿಸಬಹುದು. ಆದರೆ ಸರ್ಕಾರದ ಅನುಮತಿಯೊಂದಿಗೆ ಮಾತ್ರ ಕೆಲಸಕ್ಕೆ ಸಲ್ಲುತ್ತದೆಂದು ಮುದ್ರಿತವಾಗಿರುವ ಸೋಷಿಯಲ್ ಸೆಕ್ಯುರಿಟಿ ಕಾರ್ಡನ್ನು "ಸಿ" ಪಟ್ಟಿಗೆ ಒಪ್ಪುವಂತಿಲ್ಲ, ಆಗ ಬೇರೆ ದಾಖಲೆ ತರಲು ಹೇಳಿ, ಇಂಥದ್ದೇ ಎಂದು ಹೆಸರಿಸಬೇಡಿ. ಕಳೆದುಹೋದ ದಾಖಲೆಗೆ ಬದಲಿ ಕೋರಿ ಸಲ್ಲಿಸಿದ ಅರ್ಜಿಯ ರಸೀದಿ 90 ದಿನ ಸಲ್ಲುತ್ತದೆ.

ಮಾಲೀಕರು ಪತ್ತೇದಾರರಾಗಬೇಕೆಂದು ಕಾನೂನು ಬಯಸುವುದಿಲ್ಲ. ದಾಖಲೆ ಮೇಲ್ನೋಟಕ್ಕೆ ನೈಜವಾಗಿ ಕಾಣಬೇಕು, ಎದುರಿಗಿರುವ ವ್ಯಕ್ತಿಗೇ ಸೇರಿದ್ದೆಂದು ತೋರಬೇಕು, ಅಷ್ಟೇ. ನಮ್ಮ ಹೆಸರುಗಳಲ್ಲಿ ಈ ತೊಡಕು ಆಗಾಗ ಬರುತ್ತದೆ: ಇನಿಷಿಯಲ್ ಒಂದು ಕಡೆ ತಂದೆಯ ಹೆಸರಾಗಿ, ಇನ್ನೊಂದು ಕಡೆ ಊರಿನ ಹೆಸರಾಗಿ ಬಿಡಿಸಿಕೊಂಡಿರುತ್ತದೆ, ಒಂಟಿ ಹೆಸರಿನವರ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" (ಮೊದಲ ಹೆಸರು ತಿಳಿದಿಲ್ಲ) ಎಂದಿರುತ್ತದೆ. ಇಷ್ಟಕ್ಕೇ ದಾಖಲೆಯನ್ನು ತಳ್ಳಿಹಾಕದೆ, ಕಾರಣ ಕೇಳಿ, ಸಮಂಜಸವೆನಿಸಿದರೆ ಒಪ್ಪಿಕೊಳ್ಳಿ.

ವಾಟ್ಸ್ಆ್ಯಪ್‌ನಲ್ಲಿ ಫೋಟೊ ತರಿಸಿಕೊಂಡು ಸಹಿ ಹಾಕುವ ಅಡ್ಡದಾರಿ ನಡೆಯುವುದಿಲ್ಲ. ಮಾಲೀಕರು ಅಥವಾ ಅವರ ಅಧಿಕೃತ ಪ್ರತಿನಿಧಿ ನೌಕರರ ಎದುರಿನಲ್ಲಿಯೇ ಮೂಲ ದಾಖಲೆಯನ್ನು ನೋಡಬೇಕು. ದೂರದಿಂದ ಪರಿಶೀಲಿಸುವ ಪರ್ಯಾಯ ಕ್ರಮ 2023ರ ಆಗಸ್ಟ್ 1ರಿಂದ ಇದೆಯಾದರೂ, ಅದು ನೌಕರರ ಕೆಲಸದ ಅನುಮತಿಯನ್ನು ಸರ್ಕಾರದ ದಾಖಲೆಗಳೊಂದಿಗೆ ಆನ್‌ಲೈನ್‌ನಲ್ಲಿ ತಾಳೆ ನೋಡುವ ಇ-ವೆರಿಫೈ ವ್ಯವಸ್ಥೆಯಲ್ಲಿ ಸರಿಯಾಗಿ ನಡೆದುಕೊಳ್ಳುತ್ತಿರುವ ಸಂಸ್ಥೆಗಳಿಗೆ ಮಾತ್ರ, ವಿಡಿಯೊ ಕರೆಯೂ ಸೇರಿದಂತೆ ತನ್ನದೇ ನಿಯಮಗಳೊಂದಿಗೆ. ಇ-ವೆರಿಫೈ ಬಳಸದವರು ದಾಖಲೆಗಳ ನಕಲು ಪ್ರತಿ ಇಟ್ಟುಕೊಳ್ಳಬೇಕೆಂದು ಒಕ್ಕೂಟ ಸರ್ಕಾರದ ಕಾನೂನು ಹೇಳುವುದಿಲ್ಲ. ಇಟ್ಟರೆ ಎಲ್ಲರದನ್ನೂ ಇಡಿ, ಇಲ್ಲವೇ ಯಾರದ್ದೂ ಬೇಡ. ನನ್ನ ಸ್ಪಷ್ಟ ಸಲಹೆ ಎರಡನೆಯದು. ವಲಸಿಗರಿಗೆ ಮಾತ್ರ "ಗ್ರೀನ್ ಕಾರ್ಡ್ ಅಪ್‌ಲೋಡ್ ಮಾಡಿ" ಎಂದು ಕೇಳುವ ತಂತ್ರಾಂಶವನ್ನು ಯಾರಾದರೂ ಮಾರಲು ಬಂದರೆ ಅದನ್ನು ಕೊಳ್ಳಬೇಡಿ, ದೂರಿಗೆ ಉತ್ತರಿಸಬೇಕಾದವರು ನೀವು.

ಮರುಪರಿಶೀಲನೆ ಬೇಕಾಗುವುದು ಕೆಲಸದ ಅನುಮತಿಗೆ ಕೊನೆಯ ದಿನಾಂಕವಿರುವವರಿಗೆ, ಉದಾಹರಣೆಗೆ ಎಚ್-4 (ಎಚ್-1ಬಿ ನೌಕರರ ಪತಿ ಅಥವಾ ಪತ್ನಿಯ ವೀಸಾ) ಉದ್ಯೋಗ ಅನುಮತಿ ಕಾರ್ಡ್ ತೋರಿಸಿದವರಿಗೆ. ಪೌರರನ್ನಾಗಲಿ, ಗ್ರೀನ್ ಕಾರ್ಡ್ ತೋರಿಸಿ ಸೇರಿದವರನ್ನಾಗಲಿ, ಆ ಕಾರ್ಡಿನ ಅವಧಿ ಮುಗಿಯಿತೆಂದು ಮತ್ತೆ ಕೇಳಬಾರದು. ನಮೂನೆಯನ್ನು ನೇಮಕದಿಂದ ಮೂರು ವರ್ಷ ಅಥವಾ ಕೆಲಸ ಬಿಟ್ಟ ಮೇಲೆ ಒಂದು ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಿ.

ನೌಕರರು ಬಾಕಿ ಸಂಬಳ ಕೇಳಿದ ಮರುದಿನವೇ ಅವರ ದಾಖಲೆ ಕೇಳುವ ಮಾಲೀಕರಿದ್ದಾರೆ. ಇದು ಅನ್ಯಾಯ, ತಪ್ಪಿಸಲಾಗದ ಗೊಂದಲವಲ್ಲ. ದುಡಿದ ಗಂಟೆಗಳಿಗೆ ಕನಿಷ್ಠ ವೇತನ ಪಡೆಯುವ ಹಕ್ಕು ವಲಸೆ ಸ್ಥಿತಿಯನ್ನು ಅವಲಂಬಿಸಿಲ್ಲ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 1019ನೇ ಕಲಮಿನಂತೆ, ಹಕ್ಕು ಕೇಳಿದವರ ಮೇಲೆ ಸೇಡಿಗಾಗಿ ವಲಸೆ ಅಧಿಕಾರಿಗಳಿಗೆ ತಿಳಿಸುವ ಬೆದರಿಕೆ ಹಾಕಿದರೆ ಸಂಸ್ಥೆಯ ವ್ಯಾಪಾರ ಪರವಾನಗಿಯೇ ಅಮಾನತಾಗಬಹುದು. ಅದೇ ರಾಜ್ಯದಲ್ಲಿ ಐ-9 ತಪಾಸಣೆಯ ನೋಟಿಸ್ ಬಂದ 72 ಗಂಟೆಗಳೊಳಗೆ ನೌಕರರಿಗೂ ಆ ವಿಷಯವನ್ನು ತಿಳಿಸಬೇಕು.

ಇಂಥದ್ದೇ ದಾಖಲೆ ತರಬೇಕೆಂದು ಒತ್ತಾಯಕ್ಕೆ ಒಳಗಾದ ನೌಕರರು ಅಮೆರಿಕದ ನ್ಯಾಯ ಇಲಾಖೆಯ ವಲಸಿಗ ಮತ್ತು ನೌಕರರ ಹಕ್ಕುಗಳ ವಿಭಾಗಕ್ಕೆ ಘಟನೆ ನಡೆದ 180 ದಿನಗಳೊಳಗೆ ದೂರು ಕೊಡಬೇಕು. ಆ ಬೇಡಿಕೆ ಬಂದ ಇಮೇಲ್ ಅಥವಾ ಸಂದೇಶವನ್ನು ಅಳಿಸದೆ, ದಿನಾಂಕ ಕಾಣುವಂತೆ ಉಳಿಸಿಕೊಂಡು ದೂರಿನೊಂದಿಗೆ ಲಗತ್ತಿಸಿ.