ಹುಬ್ಬಳ್ಳಿಯಿಂದ ಲಂಡನ್ ಎಷ್ಟು ತಾಸು? ಲೆಕ್ಕ ಹಾಕುವ ಬಗೆ

ಮಕ್ಕಳು ಲಂಡನ್‌ನಲ್ಲಿರುವ ಎಷ್ಟೋ ಮನೆಗಳಲ್ಲಿ ಟಿಕೆಟ್ ಕೈಗೆ ಬಂದ ಕೂಡಲೇ ಒಂದೇ ತಪ್ಪು ನಡೆಯುತ್ತದೆ. ಇಳಿಯುವ ಸಮಯದಿಂದ ಹೊರಡುವ ಸಮಯವನ್ನು ಕಳೆದು, ‘ಐದೇ ತಾಸಿನ ಹಾದಿ’ ಎಂದುಬಿಡುತ್ತಾರೆ.

ಮೊದಲು ದೂರ. ಗೂಗಲ್ ಅರ್ಥ್‌ನ ಅಳತೆಪಟ್ಟಿಯಲ್ಲಿ ಎರಡೂ ಊರುಗಳನ್ನು ಗುರುತಿಸಿ. ಹುಬ್ಬಳ್ಳಿ–ಲಂಡನ್ ನೇರ ದೂರ ಸುಮಾರು 7,650 ಕಿ.ಮೀ. ಗೋಡೆಯ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಅಳೆಯಲೇಬೇಡಿ, ಅದರಲ್ಲಿ ಉತ್ತರಕ್ಕೆ ಹೋದಷ್ಟೂ ಅಳತೆ ಹಿಗ್ಗುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ವಿಮಾನ ನಿಲ್ದಾಣದಿಂದ ಲಂಡನ್‌ಗೆ ನೇರ ವಿಮಾನವಿಲ್ಲ. ಮುಂಬೈ ಮೂಲಕವಾದರೆ 480 ಮತ್ತು 7,200, ಒಟ್ಟು ಸುಮಾರು 7,680 ಕಿ.ಮೀ. ಬೆಂಗಳೂರಿನ ಮೂಲಕ 8,400 ದಾಟುತ್ತದೆ. ಮುಂಬೈ ಹೆಚ್ಚುಕಡಿಮೆ ದಾರಿಯಲ್ಲೇ ಇದೆ, ಬೆಂಗಳೂರು ಹಿಂದಕ್ಕೆ ಹೋದಂತೆ. ಒಂದೇ ಟಿಕೆಟ್‌ನಲ್ಲಿ ಸಿಕ್ಕರೆ ಮುಂಬೈಯನ್ನೇ ಹಿಡಿಯಿರಿ.

ಹಾರಾಟದ ಅಂದಾಜಿಗೆ ದೂರವನ್ನು 850ರಿಂದ ಭಾಗಿಸಿ, ಏರಿಳಿತಕ್ಕೆ ಅರ್ಧ ತಾಸು ಕೂಡಿಸಿ. ಮುಂಬೈ–ಲಂಡನ್‌ಗೆ ಒಂಬತ್ತು ತಾಸು ಬರುತ್ತದೆ. ಪಶ್ಚಿಮಕ್ಕೆ ಹೋಗುವಾಗ ಎತ್ತರದ ಗಾಳಿ ಎದುರಾಗುವುದರಿಂದ ಇನ್ನೂ ಅರ್ಧದಿಂದ ಒಂದು ತಾಸು ಸೇರಿಸಿ. ಯಾವುದಾದರೂ ದೇಶ ತನ್ನ ವಾಯುಪ್ರದೇಶ ಮುಚ್ಚಿದ್ದರೆ ಇನ್ನೂ ಹೆಚ್ಚು. ಜಾಹೀರಾತು ತುಂಬಿದ ‘ದೂರ ಹೇಳುವ’ ಆ್ಯಪ್‌ಗಳು ಬರೀ ಭಾಗಾಕಾರ ಮಾಡಿ ಕೈತೊಳೆದುಕೊಳ್ಳುತ್ತವೆ, ನಂಬಬೇಡಿ.

ಎಲ್ಲರೂ ಎಡವುವುದು ಗಡಿಯಾರದಲ್ಲಿ. ಟಿಕೆಟ್‌ನಲ್ಲಿ ಆಯಾ ಊರಿನ ಸಮಯವೇ ಇರುತ್ತದೆ. ಮನಸ್ಸಿನಲ್ಲಿ ಕೂಡಿ ಕಳೆಯುವ ಗೋಜು ಬೇಡ, ಕಾಗದ ತೆಗೆದುಕೊಂಡು ಎರಡನ್ನೂ ಭಾರತದ ಸಮಯಕ್ಕೆ ತಂದು, ತಾರೀಖಿನ ಸಮೇತ ಬರೆಯಿರಿ. ಮಾರ್ಚ್‌ನ ಕೊನೆಯ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಲಂಡನ್ ನಮಗಿಂತ ನಾಲ್ಕೂವರೆ ತಾಸು ಹಿಂದೆ, ಉಳಿದ ತಿಂಗಳುಗಳಲ್ಲಿ ಐದೂವರೆ. ಜೂನ್‌ನಲ್ಲಿ ಮುಂಬೈಯಿಂದ ಮಧ್ಯಾಹ್ನ 1.30ಕ್ಕೆ ಹೊರಟು ಲಂಡನ್‌ನ ಸಂಜೆ 6ಕ್ಕೆ ಇಳಿಯುತ್ತೀರಿ ಎನ್ನಿ. ಅಲ್ಲಿಯ ಸಂಜೆ 6 ಎಂದರೆ ಇಲ್ಲಿ ರಾತ್ರಿ 10.30. ಪ್ರಯಾಣ ಒಂಬತ್ತು ತಾಸು, ನಾಲ್ಕೂವರೆಯಲ್ಲ. ಇದೇ ಸಮಯಗಳು ಜನವರಿಯ ಟಿಕೆಟ್‌ನಲ್ಲಿದ್ದರೆ ಹತ್ತು ತಾಸು. ಮರಳುವಾಗಲೂ ಇದೇ ಕ್ರಮ: ಜೂನ್‌ನಲ್ಲಿ ಅಲ್ಲಿಂದ ರಾತ್ರಿ 9ಕ್ಕೆ ಹೊರಟರೆ ಇಲ್ಲಿ ಮರುದಿನದ ನಸುಕಿನ 1.30. ಬೆಳಿಗ್ಗೆ 10.30ಕ್ಕೆ ಮುಂಬೈ ತಲುಪಿದರೆ ಒಂಬತ್ತೇ ತಾಸು.

ಇದಕ್ಕಿಂತ ದುಬಾರಿ ತಪ್ಪು ಮಧ್ಯರಾತ್ರಿಯದು. ‘15ನೇ ತಾರೀಖು 00.40’ ಎಂದಿದ್ದರೆ ನೀವು ನಿಲ್ದಾಣದಲ್ಲಿರಬೇಕಾದದ್ದು 14ರ ರಾತ್ರಿ. 15ರ ರಾತ್ರಿ ಹೋದವರಿಗೆ ವಿಮಾನ ಹಾರಿ ಒಂದು ದಿನವಾಗಿರುತ್ತದೆ.

ಇನ್ನು ಮನೆಯಿಂದ ಮನೆಗೆ. ಹುಬ್ಬಳ್ಳಿಯಲ್ಲಿ ಎರಡು ತಾಸು ಮೊದಲು ಹೋಗಿ, ಮುಂಬೈಯಲ್ಲಿ ಕನಿಷ್ಠ ಮೂರು ತಾಸಿನ ಅಂತರವಿರಲಿ. ಟಿಕೆಟ್ ಬೇರೆ ಬೇರೆಯಾಗಿದ್ದರೆ ಬ್ಯಾಗ್ ಪಡೆದು, ಕೆಲವೊಮ್ಮೆ ಟರ್ಮಿನಲ್ಲನ್ನೇ ಬದಲಿಸಿ ಮತ್ತೆ ಸಾಲಿನಲ್ಲಿ ನಿಲ್ಲಬೇಕು, ಅಂಥಲ್ಲಿ ಐದು ತಾಸಿಗಿಂತ ಕಡಿಮೆ ಬೇಡ. ಲಂಡನ್‌ನಲ್ಲಿ ಕರೆದೊಯ್ಯಲು ಬರುವವರಿಗೆ ಟಿಕೆಟ್‌ನಲ್ಲಿರುವ ಇಳಿಯುವ ಸಮಯವನ್ನೇ ತಿಳಿಸಿ, ವಲಸೆ ತಪಾಸಣೆಗೂ ಬ್ಯಾಗ್‌ಗೂ ಒಂದೂವರೆ ತಾಸು ಬಿಟ್ಟುಕೊಂಡು ಬರಲು ಹೇಳಿ.