ಕಾಸ್ಮೆಟಿಕ್ ಸರ್ಜನ್‌ರ ಅರ್ಹತೆಯನ್ನು ಪರಿಶೀಲಿಸುವ ಬಗೆ

ನಾಮಫಲಕದಲ್ಲಿ ‘ಕಾಸ್ಮೆಟಿಕ್ ಸರ್ಜನ್’ ಎಂದು ಬರೆದಿದ್ದ ಮಾತ್ರಕ್ಕೆ ಆ ವೈದ್ಯರು ಏನು ಓದಿದ್ದಾರೆಂಬುದು ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ ಹೊಟ್ಟೆಯ ಕೊಬ್ಬು ತೆಗೆಯುವಂಥ ಶಸ್ತ್ರಚಿಕಿತ್ಸೆಗಳಿಗೆ ನೇರವಾಗಿ ತರಬೇತಿ ಕೊಡುವುದು ಪ್ಲಾಸ್ಟಿಕ್ ಸರ್ಜರಿಯ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಎಂಬ ಉನ್ನತ ತಜ್ಞ ಪದವಿಯ ಶಿಕ್ಷಣ. ಎಂ.ಬಿ.ಬಿ.ಎಸ್. ಮುಗಿಸಿ, 3 ವರ್ಷ ಜನರಲ್ ಸರ್ಜರಿಯಲ್ಲಿ ಎಂ.ಎಸ್. ಓದಿ, ಅದಾದ ಮೇಲೆ ಮತ್ತೆ 3 ವರ್ಷ ಎಂ.ಸಿಎಚ್. ಮಾಡುವುದು ಇದರ ರೂಢಿಯ ದಾರಿ. ಮೂಗಿನ ಶಸ್ತ್ರಚಿಕಿತ್ಸೆಯನ್ನು ಅದರಲ್ಲಿ ಪಳಗಿದ ಇ.ಎನ್.ಟಿ. ತಜ್ಞರೂ, ಕೂದಲು ಕಸಿಯನ್ನು ಚರ್ಮರೋಗ ತಜ್ಞರೂ ಮಾಡುವುದುಂಟು. ಆದರೆ ಕಾಸ್ಮೆಟಾಲಜಿಯ (ಸೌಂದರ್ಯ ಚಿಕಿತ್ಸೆಯ) ಡಿಪ್ಲೊಮಾ, ಕೆಲವೇ ದಿನಗಳ ಕಾರ್ಯಾಗಾರದ ಪ್ರಮಾಣಪತ್ರ ಅಥವಾ ವಿದೇಶದ ಯಾವುದೋ ಸಂಘದ ಸದಸ್ಯತ್ವ ಶಸ್ತ್ರಚಿಕಿತ್ಸೆಯ ಪದವಿಗೆ ಸಮನಲ್ಲ. ಕೂದಲು ಕಸಿಯಂಥ ಚಿಕಿತ್ಸೆಗಳನ್ನು ಯೂಟ್ಯೂಬ್ ನೋಡಿ ಕಲಿತರೆ ಸಾಲದೆಂದು 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವೇ ಹೇಳಬೇಕಾಯಿತು ಎಂದರೆ ಪರಿಸ್ಥಿತಿಯನ್ನು ಊಹಿಸಬಹುದು.

ಪರಿಶೀಲನೆಗೆ ಬೇಕಾದ ಮುಖ್ಯ ಸುಳಿವು ವೈದ್ಯರ ನೋಂದಣಿ ಸಂಖ್ಯೆ. 2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ಚಿಕಿತ್ಸಾ ಚೀಟಿ ಮತ್ತು ಹಣದ ರಸೀದಿಯ ಮೇಲೆ ಅದು ಇರಲೇಬೇಕು. ಆದ್ದರಿಂದ ಕೇಳಲು ಸಂಕೋಚಪಡಬೇಕಾದ ಕಾರಣವಿಲ್ಲ. ಆಯೋಗದ ಜಾಲತಾಣದಲ್ಲಿರುವ ಭಾರತೀಯ ವೈದ್ಯಕೀಯ ರಿಜಿಸ್ಟರ್‌ನಲ್ಲಿ ಆ ಸಂಖ್ಯೆಯನ್ನೂ ರಾಜ್ಯ ವೈದ್ಯಕೀಯ ಪರಿಷತ್ತಿನ ಹೆಸರನ್ನೂ ಕೊಟ್ಟು ಹುಡುಕಿ, ಹೆಸರು, ನೋಂದಣಿಯ ವರ್ಷ ಮತ್ತು ಪದವಿ ತಾಳೆಯಾಗುತ್ತವೆಯೇ ನೋಡಿರಿ. ಅಲ್ಲಿ ಬರೀ ಎಂ.ಬಿ.ಬಿ.ಎಸ್. ಕಂಡರೆ ಕೂಡಲೇ ಅನುಮಾನಪಡಬೇಕಿಲ್ಲ, ಏಕೆಂದರೆ ಸ್ನಾತಕೋತ್ತರ ಪದವಿ ಹೆಚ್ಚುವರಿ ಅರ್ಹತೆಯಾಗಿ ಆಮೇಲೆ ನೋಂದಣಿಯಾಗುತ್ತದೆ. ಆ ನೋಂದಣಿ ಪತ್ರವನ್ನು ತೋರಿಸಲು ವೈದ್ಯರನ್ನೇ ಕೇಳಬಹುದು, ಅಥವಾ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು.

ಪದವಿ ಸರಿಯಿದ್ದರೂ ಜಾಗ ಸರಿಯಿಲ್ಲದಿದ್ದರೆ ಪ್ರಯೋಜನವಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯವೊಂದರಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿ ಅನೇಕರಿಗೆ ನೆನಪಿರಬಹುದು. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆ.ಪಿ.ಎಂ.ಇ.) ಕಾಯ್ದೆಯಡಿ ನೋಂದಾಯಿಸಿಕೊಂಡು ಪ್ರಮಾಣಪತ್ರವನ್ನು ಎದ್ದುಕಾಣುವಂತೆ ಹಾಕಬೇಕು. ಅದರ ಅವಧಿ ಮುಗಿದಿದೆಯೇ, ನೋಂದಣಿ ಬರೀ ಕ್ಲಿನಿಕ್‌ನದೋ ಆಸ್ಪತ್ರೆಯದೋ ಎಂಬುದನ್ನು ಓದಿರಿ. ಅರಿವಳಿಕೆ ಕೊಡುವ ತಜ್ಞರು ಯಾರು, ಅವರು ಶಸ್ತ್ರಚಿಕಿತ್ಸೆ ಮುಗಿಯುವವರೆಗೆ ಕೊಠಡಿಯಲ್ಲೇ ಇರುತ್ತಾರೆಯೇ, ರಕ್ತದೊತ್ತಡ ಕುಸಿದರೆ ಐ.ಸಿ.ಯು. ಎಲ್ಲಿದೆ ಎಂದು ಕೇಳಿದಾಗ ನೇರ ಉತ್ತರ ಸಿಗದಿದ್ದರೆ ಅಲ್ಲಿಂದ ಎದ್ದು ಬರುವುದೇ ಲೇಸು.

‘ಮೊದಲು–ನಂತರ’ದ ಚಿತ್ರಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ, ಬೆಳಕು ಮತ್ತು ಕೋನ ಬದಲಿಸಿದರೂ ಮುಖ ಬದಲಾದಂತೆ ಕಾಣುತ್ತದೆ. ಅದಕ್ಕಿಂತ, ಇದೇ ಶಸ್ತ್ರಚಿಕಿತ್ಸೆಯನ್ನು ಎಷ್ಟು ಮಂದಿಗೆ ಮಾಡಿದ್ದೀರಿ, ಎಷ್ಟು ಮಂದಿಗೆ ಮತ್ತೆ ಮಾಡಬೇಕಾಯಿತು ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಸಲಹೆ ಕೊಟ್ಟವರು ಒಬ್ಬರು, ಕತ್ತರಿ ಹಿಡಿದವರು ಇನ್ನೊಬ್ಬರು ಆಗದಂತೆ, ಮುಂಗಡ ಕಟ್ಟುವ ಮೊದಲೇ ಒಪ್ಪಿಗೆ ಪತ್ರದ ನಮೂನೆಯನ್ನು ತರಿಸಿಕೊಂಡು, ನೀವು ಪರಿಶೀಲಿಸಿದ ವೈದ್ಯರ ಹೆಸರೂ ನೋಂದಣಿ ಸಂಖ್ಯೆಯೂ ಅದರಲ್ಲಿ ಬರೆದಿವೆಯೇ ನೋಡಿಕೊಳ್ಳಿರಿ.