ಉಪ್ಪಿನಕಾಯಿ ಭರಣಿಯ ಜೀವನಾಂಶ

"ಕೋರ್ಟಿಗೆ ಅಲೆಯುವವಳಿಗೆ ಮಲ್ಲಿಗೆ ಬೇರೆ ಕೇಡು" ಎಂದು ಅಕ್ಕ ಅಂದದ್ದು 2023ರ ಯುಗಾದಿಯಂದು, ಒಬ್ಬಟ್ಟಿನ ಹೂರಣ ರುಬ್ಬುತ್ತಾ. ಚಿಕ್ಕಮ್ಮ ಹೌದೆಂದು ತಲೆಯಾಡಿಸಿದರು. ನನ್ನ ವಕೀಲರೂ ಆಮೇಲೆ ಅದನ್ನೇ ಸಭ್ಯ ಮಾತಿನಲ್ಲಿ ಹೇಳಿದರು. ಈಗ ಲೆಕ್ಕ ನನ್ನ ಕೈಯಲ್ಲಿದೆ, ಆದ್ದರಿಂದ ಬರೆಯುತ್ತಿದ್ದೇನೆ. ಗಂಡನ ಮನೆ ಬಿಟ್ಟ 2022ರ ಅಕ್ಟೋಬರಿನಿಂದ ವಿಚ್ಛೇದನದ ಡಿಕ್ರಿ ಬಂದ 2024ರ ಸೆಪ್ಟೆಂಬರಿನವರೆಗೆ ಇಪ್ಪತ್ತಮೂರು ತಿಂಗಳು. ಮುದ್ರಣಾಲಯವೊಂದರಲ್ಲಿ ಲೆಕ್ಕ ಬರೆಯುವ ಕೆಲಸ, ಕೈಗೆ 23,500 ರೂಪಾಯಿ. ಒಂಬತ್ತು ವರ್ಷದ ಮಗಳು. ಮೈಸೂರಿನಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಕೊನೆಯಲ್ಲಿ ನೋಡಿದರೆ ಅಡವಿಟ್ಟ ಬಳೆ ಮನೆಗೆ ಬಂದಿತ್ತು, ಖಾತೆಯಲ್ಲಿ 27,000 ಚಿಲ್ಲರೆ ಇತ್ತು, ಮೊದಲ ಮೂರು ತಿಂಗಳು ಬಿಟ್ಟರೆ ಮಲ್ಲಿಗೆ ಮುಡಿಯುವುದನ್ನು ಒಂದು ವಾರವೂ ತಪ್ಪಿಸಿರಲಿಲ್ಲ.

ಖರ್ಚಿನ ಪುಸ್ತಕ ಹೇಗೆ ಬರೆಯಬೇಕು, ಚಿನ್ನದ ಸಾಲಕ್ಕೂ ಚೀಟಿಗೂ ಏನು ವ್ಯತ್ಯಾಸ ಎಂದು ಇಲ್ಲಿ ಹೇಳಿಕೊಡುವುದಿಲ್ಲ. ಇದನ್ನು ಓದುತ್ತಿರುವವರು ಅದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲಿರಿ. ನಾನು ಎಡವಿದ್ದು ಎಲ್ಲಿ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲ ಮೂರು ತಿಂಗಳು ನಾನು ವ್ರತ ಹಿಡಿದವಳಂತೆ ಬದುಕಿದೆ. ಕಾಫಿ ಬಿಟ್ಟೆ, ಹೂವು ಬಿಟ್ಟೆ, ಹೊರಗೆ ತಿನ್ನುವುದನ್ನು ಬಿಟ್ಟೆ. ಮಗಳು ರಸ್ತೆಯ ಬದಿಯಲ್ಲಿ ಚುರುಮುರಿ ಕೇಳಿದರೆ ಮನೆಯಲ್ಲಿ ಮಾಡಿಕೊಡುತ್ತೇನೆ ಎಂದು ಕೈ ಹಿಡಿದು ಎಳೆದುಕೊಂಡು ಬರುತ್ತಿದ್ದೆ, ಮನೆಗೆ ಬಂದಮೇಲೆ ಮಾಡುತ್ತಿರಲಿಲ್ಲ. ತಿಂಗಳಿಗೆ ಆರು ಸಾವಿರದ ಹತ್ತಿರ ಉಳಿಯುತ್ತಿತ್ತು, ಅದನ್ನು ಅಕ್ಕನಿಗೆ ಫೋನ್ ಮಾಡಿ ಹೇಳಿಕೊಳ್ಳುತ್ತಿದ್ದೆ. ಜನವರಿಯ ಕೊನೆಯಲ್ಲಿ, ನನ್ನ ಜೀವನಾಂಶದ ಅರ್ಜಿಗೆ ಗಂಡನ ಕಡೆಯವರ ಆಕ್ಷೇಪಣೆ ಬಂತು. ಹನ್ನೊಂದು ಪುಟ. ಅದರಲ್ಲಿ ಒಂದು ಸಾಲು, ಈಕೆಗೆ ದುಂದುವೆಚ್ಚದ ಚಟವಿದೆ ಎಂದು. ಅದನ್ನು ಓದಿದ ರಾತ್ರಿ ಒಂದು ಗಂಟೆಗೆ, ಮಗಳ ಪಕ್ಕ ಮಲಗಿ, ಹೊದಿಕೆಯೊಳಗೆ ಮೊಬೈಲ್ ಹಿಡಿದು, 3,400 ರೂಪಾಯಿಯ ಸೀರೆಯನ್ನೂ 1,900ರ ಕುಕ್ಕರನ್ನೂ ತರಿಸಿದೆ. ಮನೆಯಲ್ಲಿ ಆಗಲೇ ಎರಡು ಕುಕ್ಕರ್ ಇದ್ದವು. ಮಾರನೆಯ ವಾರ ಮತ್ತೆ ಏನೋ 1,100. ಮೂರು ತಿಂಗಳು ನಾಲಿಗೆ ಕಟ್ಟಿ ಉಳಿಸಿದ್ದರಲ್ಲಿ ಮೂರನೆಯ ಒಂದು ಭಾಗ ಎಂಟು ದಿನಗಳಲ್ಲಿ ಹೋಯಿತು. ಆ ಸೀರೆಯನ್ನು ಇವತ್ತಿಗೂ ಉಟ್ಟಿಲ್ಲ, ಬಣ್ಣ ಫೋನಿನಲ್ಲಿ ಕಂಡಂತೆ ಇರಲಿಲ್ಲ.

ನಾನು ಲೆಕ್ಕದವಳು. ತಿಂಗಳ ಕೊನೆಯಲ್ಲಿ ಉಳಿದರೆ ಸಂತೋಷಕ್ಕೆ ಎಂದು ಇಟ್ಟಿದ್ದೇ ತಪ್ಪು ಎಂಬುದು ಆಗ ಹೊಳೆಯಿತು. ಅದು ಬಾಡಿಗೆಯ ಹಾಗೆ ತಿಂಗಳ ಮೊದಲ ದಿನವೇ ಎತ್ತಿಡಬೇಕಾದ ಹಣ. ಫೆಬ್ರವರಿಯಿಂದ ಸಂಬಳ ಬಂದ ದಿನವೇ 1,200 ರೂಪಾಯಿ ತೆಗೆದು ಅಮ್ಮ ಕೊಟ್ಟಿದ್ದ ಉಪ್ಪಿನಕಾಯಿಯ ಪಿಂಗಾಣಿ ಭರಣಿಗೆ ಹಾಕತೊಡಗಿದೆ. ಸಂಬಳದಲ್ಲಿ ನೂರಕ್ಕೆ ಐದು. ನೋಟೇ ಆಗಬೇಕು. ಒಮ್ಮೆ ಭರಣಿ ಬಿಟ್ಟು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ನೋಡಿದೆ, ಇಪ್ಪತ್ತನೆಯ ತಾರೀಕಿಗೆ 2,000 ದಾಟಿತ್ತು. ಭರಣಿಯಲ್ಲಿ ನೋಟು ಮುಗಿದರೆ ಕೈಗೆ ಪಿಂಗಾಣಿಯ ತಳ ತಾಕುತ್ತದೆ, ಮೊಬೈಲಿಗೆ ತಳವೇ ಇಲ್ಲ. ಎಷ್ಟು ಉಜ್ಜಿ ತೊಳೆದರೂ ಇಂಗು ಸಾಸಿವೆಯ ವಾಸನೆ ಹೋಗದು. ಹೂವಿನವಳು ಒಂದು ದಿನ ನಾನು ಕೊಟ್ಟ ನೋಟನ್ನು ಮೂಸಿ, "ಅಡುಗೆ ಕೆಲಸವೇನಮ್ಮ?" ಎಂದು ಕೇಳಿದ್ದಳು.

ಹಂಚಿಕೆ ನೆನಪಿನಿಂದ ಹೇಳುವುದಾದರೆ, ಕಾಫಿಪುಡಿಗೆ 200, ಹೂವಿಗೆ 100, ಕೋರ್ಟಿನ ವಾಯಿದೆ ದಿನದ ದೋಸೆಗೆ 200, ಮಗಳಿಗೆ 300, ಯಾರೂ ಲೆಕ್ಕ ಕೇಳಬಾರದ್ದು 400. ಆ ನಾನೂರರ ಬಗ್ಗೆ ಇಲ್ಲಿಯೂ ಹೇಳುವುದಿಲ್ಲ. ಮಗಳ ಮುನ್ನೂರು ಅವಳದೇ, ಅವಳು ಅದನ್ನು ಬಲೂನಿಗೆ ಸುರಿದರೂ ನಾನು ತುಟಿ ಬಿಚ್ಚಬಾರದು ಎಂಬ ಕರಾರು. ಎರಡು ತಿಂಗಳು ಬಲೂನು, ಸ್ಟಿಕರ್, ನೀಲಿ ನಾಲಿಗೆಯ ಐಸ್‌ಕ್ಯಾಂಡಿ. ಮೂರನೆಯ ತಿಂಗಳಿಂದ ಅವಳೇ ಕೂಡಿಟ್ಟಳು. ಸ್ಕೇಟಿಂಗ್ ಶೂ ಬೇಕಂತೆ.

ಕಾಫಿಯ ವಿಷಯ ಸ್ವಲ್ಪ ಉದ್ದ ಹೇಳಬೇಕು. ಗಂಡನ ಮನೆಯಲ್ಲಿ ಹನ್ನೊಂದು ವರ್ಷ ನಾನೇ ಫಿಲ್ಟರಿಗೆ ಪುಡಿ ಹಾಕಿದವಳು. ಮೊದಲ ಡಿಕಾಕ್ಷನ್ ಮಾವನವರಿಗೆ, ಅವರಿಗೆ, ಅತ್ತೆಗೆ. ಅದೇ ಪುಡಿಯ ಮೇಲೆ ಮತ್ತೆ ನೀರು ಸುರಿದು ಇಳಿಸಿದ ಎರಡನೆಯದು ನನಗೆ. ಯಾರೂ ಹಾಗೆ ಮಾಡು ಎಂದು ಹೇಳಿರಲಿಲ್ಲ, ಮನೆಯಲ್ಲಿ ನಡೆದುಬಂದದ್ದು ಹಾಗೆ. ಬಾಡಿಗೆ ಮನೆಯಲ್ಲಿ ಭರಣಿಯ ಹಣದಿಂದ ಮೊದಲ 100 ಗ್ರಾಂ ಪುಡಿ ತಂದ ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದು ಹಿತ್ತಾಳೆ ಫಿಲ್ಟರಿನ ಮೇಲಿನ ಬಟ್ಟಲಿಗೆ ಮೂರು ಚಮಚ ಹಾಕಿ, ಒತ್ತುಬಿಲ್ಲೆ ಇಟ್ಟು, ಕುದಿಯುವ ನೀರು ಹುಯ್ದು, ಮುಚ್ಚಿ, ಕಾದೆ. ಇಪ್ಪತ್ತು ನಿಮಿಷ ಹನಿಯುವ ಸದ್ದು ಕೇಳುತ್ತಾ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದೆ. ಮೊದಲ ಡಿಕಾಕ್ಷನ್ ಅಷ್ಟನ್ನೂ ಒಬ್ಬಳೇ ಕುಡಿದೆ. ಎರಡನೆಯದನ್ನು ಇಳಿಸಿ ಫ್ರಿಜ್ಜಿನಲ್ಲಿಟ್ಟೆ. ಅದು ಬಂದವರಿಗೆ. ಇಂದಿಗೂ ನಮ್ಮ ಮನೆಯಲ್ಲಿ ಅದೇ ನಿಯಮ. ನೀವು ಬಂದರೂ ಅಷ್ಟೇ.

ಪುಡಿಯನ್ನು ಎಂದೂ ಕಾಲು ಕಿಲೋ ತರಬೇಡಿ. ಅಗ್ಗವಾದಂತೆ ಕಾಣುತ್ತದೆ, ಹದಿನೈದು ದಿನಕ್ಕೆ ಘಮ ಹಾರಿಹೋಗುತ್ತದೆ, ಘಮ ಇಲ್ಲವೆಂದು ಚಮಚ ಹೆಚ್ಚುತ್ತದೆ. ಮಿತವ್ಯಯಕ್ಕೆಂದು ಸುಮಾರು ಅರ್ಧದಷ್ಟು ಚಿಕೋರಿ ಇರುವ ಪೊಟ್ಟಣವನ್ನೂ ತಂದು ನೋಡಿದೆ. ಬಣ್ಣ ತಾರು, ರುಚಿ ಕಷಾಯ. ಐದನೆಯ ದಿನ ಪಕ್ಕದ ಮನೆಗೆ ಕೊಟ್ಟೆ. ನೂರಕ್ಕೆ ಹದಿನೈದರಷ್ಟು ಚಿಕೋರಿಯಲ್ಲಿ ನಿಂತೆ. 2024ರಲ್ಲಿ ಪುಡಿಯ ಬೆಲೆ ಏರಿದಾಗಲೂ ಅದರಿಂದ ಇಳಿಯಲಿಲ್ಲ, ಲೋಟ ಚಿಕ್ಕದು ಮಾಡಿಕೊಂಡೆ. ಅದೇ ವರ್ಷ ಜೂನ್‌ನಲ್ಲಿ ನಂದಿನಿ ಹಾಲಿನ ಅರ್ಧ ಲೀಟರ್ ಪೊಟ್ಟಣ 550 ಮಿಲಿ ಆಗಿ ಬೆಲೆ 2 ರೂಪಾಯಿ ಏರಿತಲ್ಲ, ಊರೆಲ್ಲ ಬೈಯುತ್ತಿತ್ತು. ನನಗೆ ಆ 50 ಮಿಲಿ ಸಂಜೆಯ ಅರ್ಧ ಲೋಟವಾಯಿತು.

ಇದೇ ಹುಮ್ಮಸ್ಸಿನಲ್ಲಿ ಒಂದು ಹುಚ್ಚಾಟ ಮಾಡಿದೆ. ಕಚೇರಿಯಲ್ಲಿ ಸಕಲೇಶಪುರದ ಕಡೆಯವರೊಬ್ಬರಿದ್ದಾರೆ, ಅವರ ತೋಟದ ಹಸಿ ಬೀಜ ಒಂದು ಕಿಲೋ ಅಗ್ಗಕ್ಕೆ ಸಿಕ್ಕಿತು. ಕಬ್ಬಿಣದ ಬಾಣಲೆಯಲ್ಲಿ ಹುರಿಯಲು ಹೊರಟೆ. ಕಿಟಕಿ ಒಂದೇ ಇರುವ ಅಡುಗೆಮನೆ. ಹೊಗೆ ನೋಡಿ ಮಾಲೀಕರು ಬಕೆಟ್ಟಿನಲ್ಲಿ ನೀರು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅರ್ಧ ಬೀಜ ಇದ್ದಿಲು, ಅರ್ಧ ಬೀಜ ಹಸಿ. ಮಿಕ್ಸಿಯಲ್ಲಿ ಹೊಡೆದದ್ದು ವಿಭೂತಿಯಷ್ಟು ನಯವಾಗಿ ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯಲೇ ಇಲ್ಲ. ಅಲ್ಲಿಗೆ ಆ ವಿದ್ಯೆ ಮುಗಿಯಿತು.

ಇನ್ನು ದೊಡ್ಡ ಹಣದ ತಪ್ಪು. ಮನೆ ಬಿಟ್ಟ ಗಾಬರಿಯಲ್ಲಿ ಪರಿಚಯದವರು ತೋರಿಸಿದ ವಕೀಲರಿಗೆ ಮೊದಲೇ 20,000 ಕೊಟ್ಟೆ, ಆಮೇಲೆ ವಾಯಿದೆಗೆ 1,500ರಂತೆ. ಟೈಪಿಂಗ್, ನಕಲು, ಆಟೋ ಸೇರಿ ಕೊನೆಗೆ ಐವತ್ತು ಸಾವಿರದ ಆಚೀಚೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ, 1987ರ ಕಾಯ್ದೆಯಲ್ಲೇ ಇದೆ ಎಂಬುದು ಕೋರ್ಟಿನ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತ ಹೆಂಗಸಿನಿಂದ ತಿಳಿಯಿತು. ಅಷ್ಟರಲ್ಲಿ 35,000 ಹೋಗಿತ್ತು. ಅವಳು ಮಂಡ್ಯದ ಕಡೆಯವಳು, ಮಡಿಲಲ್ಲಿ ಕಡಲೆಕಾಯಿ ಕಟ್ಟಿಕೊಂಡು ಬಂದಿದ್ದಳು, ಹೇಳುತ್ತಾ ನನಗೂ ಒಂದು ಹಿಡಿ ಕೊಟ್ಟಳು.

ವಾಯಿದೆ ದಿನದ ದೋಸೆ ಹುಟ್ಟಿದ್ದು ಆ ಬೆಂಚಿನ ಮೇಲೆಯೇ. ಬೆಳಿಗ್ಗೆ ಹತ್ತೂವರೆಯಿಂದ ಕಾದು, ಮಧ್ಯಾಹ್ನ ಹೆಸರು ಕೂಗಿಸಿಕೊಂಡು, ಎರಡು ನಿಮಿಷದಲ್ಲಿ ಮುಂದಿನ ತಾರೀಕು ಪಡೆದು ಹೊರಬಂದರೆ ಆ ದಿನ ಮನೆಯಲ್ಲಿ ಅಡುಗೆ ಮಾಡುವ ತ್ರಾಣ ಇರುವುದಿಲ್ಲ. ಮೊದಮೊದಲು ಆಟೋ ಹತ್ತಿ, ದಾರಿಯಲ್ಲಿ ಪಾರ್ಸಲ್ ಕಟ್ಟಿಸಿ 400 ಕಳೆಯುತ್ತಿದ್ದೆ. ಅದರ ಬದಲು ಆ ದಿನ ಮಗಳನ್ನು ಶಾಲೆಯಿಂದ ಕರೆದುಕೊಂಡು ನೇರ ಹೋಟೆಲಿಗೆ, ಇಬ್ಬರಿಗೂ ಒಂದೊಂದು ಮಸಾಲೆ ದೋಸೆ, ಅವಳಿಗೆ ಬೆಣ್ಣೆ ಹೆಚ್ಚು. ಅವಳು ಒಮ್ಮೆ, "ಮುಂದಿನ ವಾಯಿದೆ ಯಾವಾಗ?" ಎಂದು ಆಸೆಯಿಂದ ಕೇಳಿದಾಗ ಸರ್ವರ್ ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದ.

ಸರ್ಕಾರದ ಗ್ಯಾರಂಟಿಗಳಲ್ಲಿ ನನಗೆ ದಕ್ಕಿದ್ದು ಒಂದೇ. ಗೃಹಲಕ್ಷ್ಮಿಯ ಉದ್ಘಾಟನೆ 2023ರ ಆಗಸ್ಟಿನಲ್ಲಿ ನಮ್ಮ ಮೈಸೂರಿನಲ್ಲೇ ಆಯಿತು. ಆದರೆ ಪಡಿತರ ಚೀಟಿಯಲ್ಲಿ ನನ್ನ ಹೆಸರು ಇನ್ನೂ ಅತ್ತೆಯ ಕೆಳಗೇ ಇತ್ತು, ಯಜಮಾನಿ ಅವರು, 2,000 ಅವರದು. ಗೃಹಜ್ಯೋತಿ, ಮೂರು ಬಾಡಿಗೆ ಮನೆಗೂ ಒಂದೇ ಮೀಟರ್ ಇದ್ದದ್ದರಿಂದ, ಮಾಲೀಕರ ಜ್ಯೋತಿ. ಜೂನ್ 11ರಿಂದ ಶುರುವಾದ ಶಕ್ತಿ ಮಾತ್ರ ನನ್ನ ಪಾಲಿಗೆ ಬಂತು. ಬಸ್ಸಿಗೆ ತಿಂಗಳಿಗೆ ಸಾವಿರದ ಹತ್ತಿರ ಹೋಗುತ್ತಿದ್ದದ್ದು ನಿಂತು, ಅಷ್ಟನ್ನೂ ಬಳೆಯ ಸಾಲಕ್ಕೆ ತಿರುಗಿಸಿದೆ. ಭಾನುವಾರ ಸಂಜೆ ಮನೆಯ ನಾಲ್ಕು ಬಲ್ಬು ಆರಿಸಿ, ಸಿಟಿ ಬಸ್ ಹತ್ತಿ, ಅರಮನೆಯ ಲಕ್ಷಕ್ಕೆ ಹತ್ತಿರದ ಬಲ್ಬುಗಳು ಏಳು ಗಂಟೆಗೆ ಒಮ್ಮೆಲೇ ಹೊತ್ತಿಕೊಳ್ಳುವುದನ್ನು ನೋಡಿ ಬರುತ್ತಿದ್ದೆವು. ಖರ್ಚು ಕಡಲೆಕಾಯಿಯ ಇಪ್ಪತ್ತು ರೂಪಾಯಿ. ಆಸೆ ಬೆಳೆದು ಒಮ್ಮೆ ಮಲೆ ಮಹದೇಶ್ವರ ಬೆಟ್ಟಕ್ಕೂ ಹೊರಟೆ, ಅದೂ ಅಮಾವಾಸ್ಯೆಯಂದು, ಬುದ್ಧಿಗೇಡಿ. ಟಿಕೆಟ್ ಶೂನ್ಯ, ನೂಕುನುಗ್ಗಲು ಅಪಾರ, ಘಟ್ಟದ ತಿರುವಿನಲ್ಲಿ ಮಗಳ ವಾಂತಿ, ಸಂಜೆಗೆ ಲೆಕ್ಕ ನೋಡಿದರೆ 640 ಖರ್ಚು. ಬೇಸರದ ದಿನ ದೂರ ಹೋಗಬಾರದು.

ಮಲ್ಲಿಗೆಯ ಬಗ್ಗೆ ಬೀದಿಯಲ್ಲಿ ಮಾತು ಬಂತು. ಗಂಡನಿಂದ ದೂರ ಇರುವವಳು ಯಾರಿಗಾಗಿ ಮುಡಿಯುತ್ತಾಳೆ ಎಂದು. ಮೊಳಕ್ಕೆ ಇಪ್ಪತ್ತೋ ಇಪ್ಪತ್ತೈದೋ ಕೊಟ್ಟು ನನ್ನ ಕೂದಲಿಗೆ ಮುಡಿಯುತ್ತೇನೆ, ಅಷ್ಟೇ. ವರಮಹಾಲಕ್ಷ್ಮಿಯ ಹಿಂದಿನ ದಿನ ಅದೇ ಮೊಳ ಮೂರು ಪಟ್ಟಾದಾಗಲೂ ನಾನು ಹೆಚ್ಚು ಕೊಡಲಿಲ್ಲ. ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಒಬ್ಬಳಿದ್ದಾಳೆ. ಅವಳ ಬಳಿ ಯಾವ ಹೊತ್ತಿಗೆ ಹೋಗಬೇಕು, ಏನು ಹೇಳಿ ಕೇಳಬೇಕು ಎಂಬುದಿದೆ. ಅದನ್ನು ಬರೆದರೆ ನಾಳೆ ನನಗೇ ಹೂವು ಸಿಗುವುದಿಲ್ಲ. ಹಾಗೆಯೇ, ಅರವತ್ತು ಸಾವಿರ ಮುಂಗಡ ಕೇಳಿದ ಮಾಲೀಕರನ್ನು ನಲವತ್ತಕ್ಕೆ ಹೇಗೆ ಇಳಿಸಿದೆ ಎಂಬುದನ್ನೂ ಇಲ್ಲಿ ಹೇಳಲಾರೆ, ಅವರೂ ಓದುತ್ತಾರೆ.

ಭರಣಿ ಕೋರ್ಟಿಗೂ ಬಂತು. ಜೀವನಾಂಶ ಕೇಳುವಾಗ ಇಬ್ಬರೂ ಆಸ್ತಿ, ಆದಾಯ, ಖರ್ಚಿನ ಪ್ರಮಾಣಪತ್ರ ಕೊಡಬೇಕು, 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಎಲ್ಲರಿಗೂ ಇದೆ. ನಮ್ಮ ವಕೀಲರು ಆ 1,200ನ್ನು "ಇತರೆ" ಎಂಬ ಸಾಲಿಗೆ ಸೇರಿಸೋಣ ಎಂದರು. ನಾನು ಒಪ್ಪಲಿಲ್ಲ. ಕಾಫಿ, ಹೂವು, ದೋಸೆ ಎಂದೇ ಬರೆಸಿದೆ. ಆ ಕಡೆಯ ವಕೀಲರು, "ಮಲ್ಲಿಗೆ ಹೂವು, ನೂರು ರೂಪಾಯಿ" ಎಂದು ಎಳೆದು ಓದಿದರು. ಒಂದಿಬ್ಬರು ನಕ್ಕರು. ದುಂದುವೆಚ್ಚದ ಚಟ ಎಂದು ಹನ್ನೊಂದು ಪುಟ ಬರೆದವರಿಗೆ ನನ್ನ ಪುಸ್ತಕದಲ್ಲಿ ಸಿಕ್ಕಿದ ಅತಿ ದೊಡ್ಡ ದುಂದು ಅದೇ ಆಗಿತ್ತು. ಮಗಳಿಗೆ ತಿಂಗಳಿಗೆ 7,000 ಮಧ್ಯಂತರ ಆದೇಶವಾಯಿತು. ಕೆಲವು ತಿಂಗಳು ಬಂತು, ಕೆಲವು ತಿಂಗಳು ಬರಲಿಲ್ಲ. ಅದನ್ನು ನಂಬಿ ನಾನು ಒಂದು ಪೈಸೆಯ ಲೆಕ್ಕವನ್ನೂ ಹಾಕಿರಲಿಲ್ಲ, ಆದ್ದರಿಂದ ಬರದ ತಿಂಗಳೂ ನಿದ್ದೆ ಬಂತು.

ಕೊನೆಗೆ ಮಧ್ಯಸ್ಥಿಕೆಯಲ್ಲಿ ಇಬ್ಬರೂ ಒಪ್ಪಿ 2024ರ ಜುಲೈಯಲ್ಲಿ ವಿಚ್ಛೇದನಕ್ಕೆ ಜಂಟಿ ಅರ್ಜಿ ಹಾಕಿದೆವು. ದೂರವಾಗಿ ಆಗಲೇ ಒಂದೂವರೆ ವರ್ಷ ಮೀರಿದ್ದರಿಂದ, ಸುಪ್ರೀಂ ಕೋರ್ಟಿನ 2017ರ ತೀರ್ಪಿನ ಆಧಾರದ ಮೇಲೆ ಆರು ತಿಂಗಳ ಕಾಯುವಿಕೆಯಿಂದ ವಿನಾಯಿತಿ ಸಿಕ್ಕಿತು. ಡಿಕ್ರಿ ಬಂದ ದಿನವೂ ದೋಸೆಯೇ. ಮಗಳು ಎರಡು ತಿಂದಳು.

ಅಕ್ಕ ಹೋದ ತಿಂಗಳು ಬಂದಿದ್ದಳು. ಭಾವನವರ ಅಂಗಡಿಯಲ್ಲಿ ನಷ್ಟವಾಗಿದೆ, ಅವಳೂ ಈಗ ಕೈ ಬಿಗಿ ಹಿಡಿದಿದ್ದಾಳೆ. ಎರಡನೆಯ ಡಿಕಾಕ್ಷನ್ ಕಾಫಿ ಕುಡಿದು, ತೆಳ್ಳಗಿದೆ ಎಂದು ಗೊಣಗಿ, ಹೊರಡುವಾಗ ಅಟ್ಟದ ಮೇಲಿದ್ದ ಇನ್ನೊಂದು ಭರಣಿಯನ್ನು ಕೇಳಿ ತೆಗೆದುಕೊಂಡು ಹೋದಳು. ಬಸ್ ನಿಲ್ದಾಣದವರೆಗೂ, ಹೂವಿನವಳು ಯಾರು ಎಂದು ಕೇಳುತ್ತಲೇ ಇದ್ದಳು. ಹೇಳಲಿಲ್ಲ.